ಹೆಸರಿನ ಚೀಟಿ ಇಲ್ಲದ ಸೀರಿ

— ಅತ್ತಿ, ಈ ಸೀರಿ ಯಾವ ಕಾಲದ್ದು ಅಂತ ಹೆಂಗ ಹೇಳೂದು? ಬೆಂಗಳೂರಾಗ ನನ್ನ ಗಿರಾಕಿಗೋಳು ಮೊದಲ ಕೇಳೂದು ಅದನ್ನ. ಪರದೇಶದ ಹಳೇ ಕೋಟು, ಗೌನು ಆದ್ರ ಕೊರಳಪಟ್ಟಿ ಒಳಗ ಹೊಲದ ಚೀಟಿ ನೋಡಿ ಹೇಳಿಬಿಡ್ತಾರ. ಶನೆಲ್ ಅಂತ ಇರತೈತಿ, ಡಿಯೋರ್ ಅಂತ ಇರತೈತಿ. ಅಮೆರಿಕದ ಅರಿವಿ ಆದ್ರ ಹೊಲಿಗಿ ಕಾರ್ಮಿಕರ ಸಂಘದ್ದೊಂದು ಚೀಟಿ ಇರತೈತಿ. ಆ ಚೀಟಿ ನಮೂನಿ ಯಾವಾಗ್ಯಾವಾಗ ಬದಲಾತು ಅನ್ನೂದರ ಮ್ಯಾಲ ಅರಿವಿ ವಯಸ್ಸು ಕಟ್ತಾರ. ನಮ್ಮ ಇಳಕಲ್ಲ ಸೀರಿಗೆ ಅಂಥಾದ್ದೇನೂ ಇಲ್ಲ.

— ಚೀಟಿ ಇಲ್ಲ, ಖರೆ. ಸೀರಿ ಕೈಯಾಗ ಹಿಡಕೊಂಡು ಪಡಸಾಲಿ ಬೆಳಕಿಗೆ ಬಾ. ಮೊದಲ ಸೆರಗು ಒಡಲು ಕೂಡೂ ಜಾಗಾ ಹುಡುಕು. ಮ್ಯಾಲಿನ ಮೈ ಅಲ್ಲ, ತಿರುವಿ ಹಾಕಿ ನೋಡು. ಅಲ್ಲೆ ಸಣ್ಣ ಸಣ್ಣ ಕುಣಿಕಿಗೋಳು ಒಂದ ಗೆರಿ ಆಗಿ ಹೋಗ್ಯಾವಲ್ಲ?

— ಬಟ್ಟಿಗೆ ಹತ್ತತಾವ. ಕಣ್ಣಿಗೆ ಕಾಣೂದು ಕಷ್ಟ.

— ಅದ ಕೊಂಡಿ. ಇಳಕಲ್ಲ ಸೀರಿ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಡಲು ಹತ್ತಿದು ಇರಬಹುದು, ಸೆರಗು ಕೆಂಪು ರೇಷ್ಮಿದು. ಎರಡೂ ಹಾಸಿನ ಎಳಿಗೋಳನ್ನ ಒಂದರೊಳಗೊಂದು ಕುಣಿಕಿ ಹಾಕಿ ಕೂಡಸ್ತಾರ. ಒಂದ ಎಳಿ ಅಲ್ಲ, ಎರಡ ಎಳಿ ಅಲ್ಲ, ಸೀರಿ ಪನ್ನದಗಲಕ್ಕೂ ಇರೂ ಅಷ್ಟೂ ಎಳಿ. ಹೆಚ್ಚಾಗಿ ಮನಿ ಹೆಣ್ಣಮಕ್ಕಳು ಕುಂತು ಮಾಡೂ ಕೆಲಸ ಅದು. ಮತ್ತ ಹಿಂಗ ಕೂಡಿಸಿದ ಹಾಸಿನಾಗ ಒಂದ ಸೀರಿ ನೇಯಾಕ ಬರತೈತಿ, ಅಷ್ಟ. ಮುಂದಿನ ಸೀರಿಗೆ ಮತ್ತ ಮೊದಲಿನಿಂದ ಕೊಂಡಿ. ಪವರ್‌ಲೂಮಿನ ಸೀರಿ ತಗೊಂಡು ನೋಡು. ಹಾಸು ಶುರುವಿನಿಂದ ಕಡೀತನಕ ಒಂದ. ಹೊಕ್ಕಿನ ಬಣ್ಣ ಅಷ್ಟ ಬದಲಸ್ತಾರ. ಹಿಂಗಾಗಿ ಸೆರಗು ಅಪ್ಪಟ ಕೆಂಪು ಆಗೂದಿಲ್ಲ, ಒಡಲಿನ ಬಣ್ಣ ಅದರೊಳಗ ಇಣುಕತಿರತೈತಿ. ಕೊಂಡಿ ಗೆರಿ ಸಿಕ್ತು ಅಂದ್ರ ಕೈಮಗ್ಗದ್ದು ಅಂತ ತಿಳಿ. ವಯಸ್ಸಿನ ಮಾತು ಆಮ್ಯಾಲ.

— ವಯಸ್ಸಿಗೆ ಏನ ನೋಡಬೇಕು?

— ಉದ್ದ ಅಳಿ. ನಮ್ಮ ಆಯಿ ಕಚ್ಚಿ ಹಾಕಿ ಉಡ್ತಿದ್ಲು, ಆಕಿಗೆ ಹದಿನೆಂಟು ಮೊಳ ಬೇಕಾಗ್ತಿತ್ತು. ಅಂದ್ರ 9 ಗಜ. ಕೆಲವರು ಹದಿನಾರು ಮೊಳದ್ದು ಉಡ್ತಿದ್ರು. ಒಳಗ ಪರಕಾರ ಹಾಕ್ಕೊಂಡು ಆರ ಗಜದ ಸೀರಿ ಉಡೂದು ನಮ್ಮ ಊರಾಗ ಶಾಲಿ ಕಲಿತ ಹುಡುಗ್ಯಾರಿಂದ ಶುರುವಾತು. ಅದಕ್ಕ ಪೂರಾ ಹದಿನೆಂಟು ಮೊಳದ ಸೀರಿ ಸಿಕ್ತು ಅಂದ್ರ ಕಚ್ಚಿ ಉಡೂ ತಲಿಮಾರಿನ ಹೆಣ್ಣಮಗಳ ಟ್ರಂಕಿನಿಂದ ಬಂದದ್ದು ಅಂತ ಲೆಕ್ಕ. ಆದ್ರ ಒಂದ ಮಾತು ನೆನಪಿಡು. ಎಷ್ಟೋ ಮಂದಿ ಉದ್ದ ಸೀರಿ ಕತ್ತರಿಸಿ ಆರ ಗಜ ತಾವು ಇಟಗೊಂಡು, ಉಳದಿದ್ದರಾಗ ಮಗಳಿಗೆ ಪರಕಾರ ಹೊಲಿಸ್ಯಾರ. ಅಂಚು ಕತ್ತರಿ ಆಡಿದ್ದೋ, ಮಗ್ಗದ ಮ್ಯಾಲ ಮುಗಿಸಿದ್ದೋ ನೋಡಬೇಕು.

— ನೂಲು?

— ಒಂದೆರಡ ಎಳಿ ಸೆರಗಿನ ಕುಚ್ಚಿನಿಂದ ತಗದು ಸುಟ್ಟು ನೋಡು. ಮಾರೂ ಹೆಣ್ಣಮಗಳ ಒಪ್ಪಿಗಿ ಕೇಳಿನ ತಗಿ. ಖರೆ ರೇಷ್ಮಿ ಆದ್ರ ಕೂದಲ ಸುಟ್ಟ ವಾಸನಿ ಬರತೈತಿ, ಬೂದಿ ಬೆರಳಾಗ ಪುಡಿ ಆಗತೈತಿ. ಚಮಕಾ, ಅಂದ್ರ ನಕಲಿ ರೇಷ್ಮಿ, ಆದ್ರ ಕಾಗದ ಸುಟ್ಟಂಗ. ಪಾಲಿಸ್ಟರ್ ಕರಗಿ ಗುಂಡಗ ಮಣಿ ಆಗಿ ಕುಂದರತೈತಿ. ಚಮಕಾ ಕಂಡ ಕೂಡ್ಲೆ ಹೊಸಾದು ಅಂತ ಸೀರಿ ಬದಿಗಿಡಬ್ಯಾಡ. ಆ ನೂಲು ಸ್ವಾತಂತ್ರ್ಯ ಬರೂಕ್ಕಿಂತ ಮೊದಲ ಹೊರಗಿನಿಂದ ನಮ್ಮ ದೇಶಕ್ಕ ಬಂದಿತ್ತು. ರೇಷ್ಮಿ ಕೊಳ್ಳಾಕ ಆಗದ ಮನಿಯ ಮದುವಿ ಸೀರಿ ಅದರಾಗ ಆಗ್ಯಾವ. ಪಾಲಿಸ್ಟರ್ ಕಂಡ್ರ ಮಾತ್ರ ಅದು ನಿನ್ನ ಅವ್ವನ ಕಾಲದ್ದು ಅಥವಾ ಅದಕ್ಕಿಂತ ಈಚಿನದು.

— ಬಣ್ಣದ ಮ್ಯಾಲ ಹೇಳಾಕ ಬರೂದಿಲ್ಲೇನ ಅತ್ತಿ? ಕಿತ್ತೂರ ಕಡೆ ಒಬ್ಬರು ನನಗ ಒಂದ ಸೀರಿ ತೋರ್ಸಿದ್ರು. ಕಣ್ಣ ಕುಕ್ಕೂ ನೇರಳಿ ಬಣ್ಣ. ಚೆನ್ನಮ್ಮನ ಕಾಲದ್ದು, ನಮ್ಮ ಮನಿಯಾಗ ಏಳ ತಲಿಮಾರಿನಿಂದ ಐತಿ ಅಂದ್ರು.

— ಆ ತಾಯಿ ಹೆಸರು ಹೇಳಿದಾಗ ನಮ್ಮ ಕಡೆ ಮಂದಿ ಮನಸ ಕರಗತೈತಿ, ಕರಗಬೇಕಾದ್ದ. 1824ರ ಅಕ್ಟೋಬರದಾಗ ಕಿತ್ತೂರ ಕೋಟಿ ಮುಂದ ಇಂಗ್ರೇಜರ ಅಧಿಕಾರಿ ಥ್ಯಾಕರೆ ಬಿದ್ದ. ಆಮ್ಯಾಲ ಕೋಟಿ ಹೋತು, ಚೆನ್ನಮ್ಮನ್ನ ಇದ ನಮ್ಮ ಬೈಲಹೊಂಗಲದಾಗ ಸೆರಿ ಇಟ್ರು, 1829ರಾಗ ತೀರಿಕೊಂಡ್ರು. ಇಲ್ಲೆ ಅವರ ಸಮಾಧಿ ಐತಿ. ಈಗ ನೀ ಹೇಳಿದ ನೇರಳಿ ಬಣ್ಣಕ್ಕ ಬಾ. ರಾಸಾಯನಿಕದ ಮೊದಲ ನೇರಳಿ ಬಣ್ಣ ಮಾಡಿದವ ಪರ್ಕಿನ್ ಅನ್ನೂ ಇಂಗ್ಲೆಂಡಿನ ಹುಡುಗ, 1856ರಾಗ. ಅಂಥಾ ಕುಕ್ಕೂ ಬಣ್ಣದ ಸೀರಿ ಚೆನ್ನಮ್ಮ ಬದುಕಿದ್ದಾಗ ಯಾರ ಮೈಮ್ಯಾಲೂ ಇರಾಕ ಸಾಧ್ಯ ಇಲ್ಲ. ಮಾರೂ ಮಂದಿ ಸುಳ್ಳ ಹೇಳ್ಯಾರ ಅಂತ ನಾ ಅನ್ನೂದಿಲ್ಲ. ಮನಿಯಾಗ ಹಿರ್‍ಯಾರು ಹೇಳಿದ್ದನ್ನ ಅವರು ನಂಬ್ಯಾರ. ನೀ ಮಾತ್ರ ಆ ಮಾತು ತಗೊಂಡು ಬೆಂಗಳೂರಾಗ ಮಾರಬ್ಯಾಡ.

— ನೀಲಿ ಆದ್ರ?

— ನೀಲಿ ಏನೂ ಹೇಳೂದಿಲ್ಲ. ಜರ್ಮನಿ ಕಂಪನಿಯವರು 1897ರಿಂದ ಕಾರ್ಖಾನಿ ನೀಲಿ ಮಾರಾಕ ಹತ್ತಿದ್ರು. ಅದು ಗಿಡದ ನೀಲಿಗಿಂತ ಅಗ್ಗ ಇತ್ತು, ಡಬ್ಬಿಯಾಗ ಬರತಿತ್ತು. ಕಣ್ಣಿಗೆ ಎರಡೂ ಒಂದ. ಕಪ್ಪು ಬಣ್ಣದ ಬಗ್ಗೆ ಮಾತ್ರ ಎಚ್ಚರ ಇರು. ಹಳೇ ಕಪ್ಪಿನಾಗ ಕಬ್ಬಿಣದ ತುಕ್ಕಿನ ನೀರು ಬಿದ್ದಿರತೈತಿ. ಅದು ವರ್ಷಗಟ್ಲೆ ನೂಲು ತಿಂತಾ ಹೋಗತೈತಿ. ಕೆಂಪು ಗಟ್ಟಿ ಇದ್ದು ಬರೇ ಕಪ್ಪು ಎಳಿ ಉದುರಿದ ದಡಿ ನೀ ನೋಡಿರಬೇಕು.

— ನೋಡೇನಿ. ಇಲಿ ಕಡದಾವ ಅಂತ ಅವರು ಹೇಳ್ತಿದ್ರು.

— ಇಲಿ ಬಣ್ಣ ಆರಿಸಿ ಕಡಿಯೂದಿಲ್ಲಲ್ಲ.

— ಕಸೂತಿ ಸೀರಿ ಬಗ್ಗೆ ಹೇಳ್ರಿ ಅತ್ತಿ. ಈಗ ಎಲ್ಲಾರೂ ಕೇಳೂದು ಅದನ್ನ.

— ಅದು ನಾ ಜೀವಮಾನ ಶಾಲಿಯಾಗ ಕಲಿಸಿದ್ದು, ಅದಕ್ಕ ಸ್ವಲ್ಪ ಹೆಚ್ಚ ಹೇಳ್ತೀನಿ, ಕೇಳು. ಕಸೂತಿಗೆ ಕೆಳಗ ಚಿತ್ರ ಬರಕೊಳ್ಳೂದಿಲ್ಲ. ಅರಿವಿ ಎಳಿ ಎಣಿಸಿ ಹಾಕ್ತಾರ. ಗಂಟು ಹಾಕೂದಿಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂತೆ, ಇವು ನಾಲ್ಕ ಹೊಲಿಗಿ. ಗವಂತಿ ಮುರಗಿ ಎರಡೂ ಮುಂದ ಹೆಂಗೋ ಹಿಂದನೂ ಹಂಗ ಕಾಣ್ತಾವ. ಸೂಜಿ ಒಮ್ಮೆ ಹೋಗಿ, ಬಿಟ್ಟ ಸಂದಿ ತುಂಬಕೊಂತ ಅದ ಹಾದಿಲೆ ತಿರುಗಿ ಬರಬೇಕು. ಗೋಪುರ ಶುರು ಮಾಡೂವಾಗ್ಗ ವಾಪಸ್ ಬರೂ ಹಾದಿ ತಲಿಯಾಗ ಇರಬೇಕು. ಒಂದ ಎಳಿ ತಪ್ಪಿತು ಅಂದ್ರ ಕಳಸಕ್ಕ ಮುಟ್ಟೂದ್ರಾಗ ಗೋಪುರ ಸೊಟ್ಟ. ಅದಕ್ಕ ಸೀರಿ ತಿರುವಿ ನೋಡು ಅನ್ನೂದು. ಮಶೀನಿಂದು ಆದ್ರ ಹಿಂದಿನ ಮೈಮ್ಯಾಲ ಬಾಬಿನ್ ದಾರ ಜಾಲ ಕಟ್ಟಿರತೈತಿ. ಇನ್ನೊಂದು, ಜಾಣ ಕೈ ಹಾಕಿದ ಹಳೇ ಸೀರಿಯಾಗ ಸೆರಗಿನ ಕಡೆ ದೊಡ್ಡ ತೇರು, ಆನಿ ಅಂಬಾರಿ, ಗೋಪುರ ಇರತಾವ. ಒಡಲಿನ ಕಡೆ ಬರಬರತಾ ಚಿತ್ರ ಸಣ್ಣ ಆಗಿ, ನವಿಲು, ಗಿಳಿ, ಚಿಕ್ಕಿ ಉಳಿತಾವ. ಈಗಿನ ಆರ್ಡರ್ ಮಾಲಿನಾಗ ಒಂದ ಅಳತಿ ಗೋಪುರ ಸಾಲಿಗೆ ನಿಂತಿರತಾವ. ಅವು ಚಲೋ ಇಲ್ಲ ಅಂತಲ್ಲ. ಹೆಣ್ಣಮಗಳೊಬ್ಬಾಕಿ ತನ್ನ ಮದುವಿ ಸೀರಿಗೆ ತಾನ ಕುಂತು ಹಾಕಿದ್ದಕ್ಕ ಇರೂ ಬಿಡುವು ಅವಕ್ಕಿಲ್ಲ.

— ಕರಿ ರೇಷ್ಮಿ ಮ್ಯಾಲ ಹಾಕಿದ್ದು?

— ಚಂದ್ರಕಾಳಿ. ನಮ್ಮ ಕಡೆ ಉಳ್ಳವರ ಮನಿ ಮದುಮಗಳಿಗೆ ಅದೊಂದು ಸೀರಿ ಇರಬೇಕಿತ್ತು. ಕುಬಸದ ದಿನಾ ಬಸರಿ ಹೆಣ್ಣಮಗಳು ಅದನ್ನ ಉಟ್ಟು ಕುಂತ್ರ ಮನಿಗೆ ಬೆಳಕು ಅಂತಿದ್ರು. ಈಗ ಗಟ್ಟಿ ಇರೂ ಚಂದ್ರಕಾಳಿ ಸಿಗೂದು ಬಾಳ ಅಪರೂಪ. ಅದಕ್ಕ ಕಾರಣ ನಾ ಹೇಳಿದ್ನಲ್ಲ, ಆ ಕಪ್ಪು ಬಣ್ಣ.

— ಅತ್ತಿ, ಒಂದ ವಿಷಯ ನನಗ ಬಿಡಿಸಿ ಹೇಳ್ರಿ. ನಾ ಹಳ್ಳಿಯಾಗ ಹೋಗಿ ಹಳೇ ಸೀರಿ ಇದ್ರ ಕೊಡ್ರಿ ಅಂದಾಗ ಹೆಣ್ಣಮಕ್ಕಳ ಮುಖ ಸಣ್ಣ ಆಗತೈತಿ. ನಿನಗ ಹೊಸಾ ಸೀರಿ ಕೊಡಸೂವರು ಇಲ್ಲೇನ ಮಗಳ ಅಂತ ಕೇಳ್ತಾರ.

— ಕೇಳ್ತಾರ, ಯಾಕಂದ್ರ ಇಲ್ಲೆ ಮತ್ತೊಬ್ಬರು ಉಟ್ಟು ಬಿಟ್ಟ ಅರಿವಿ ಉಡೂದು ಬಡತನದ ಗುರ್ತು. ದೊಡ್ಡವರ ಮನಿಯಾಕಿ ತನ್ನ ಹಳೇ ಸೀರಿ ಕಸಾ ಹೊಡೆಯೂ ಹೆಣ್ಣಮಗಳಿಗೆ ಕೊಡ್ತಿದ್ಲು. ಆಕಿ ಅದನ್ನ ಉಟ್ಟು ಹಾದ್ಯಾಗ ಬಂದ್ರ ಇದು ಯಾರ ಮನಿ ಸೀರಿ ಅಂತ ಊರ ಮಂದಿಗೆಲ್ಲ ಗೊತ್ತಾಗತಿತ್ತು. ಆ ನೋವು ಉಂಡ ಮಂದಿಗೆ, ಕಾರಿನಾಗ ಬಂದು ಇಳದ ಹುಡುಗಿ ಹಳೇ ಸೀರಿ ಬೇಕು ಅಂದ್ರ ಚೇಷ್ಟಿ ಮಾಡತಾಳ ಅನಸತೈತಿ. ಮ್ಯಾಲ ಸತ್ತವರ ಸೀರಿ ಅನ್ನೂ ಅಂಜಿಕಿ ಬ್ಯಾರೆ. ಹಿಂಗಾಗಿ ಟ್ರಂಕಿನಾಗ ಇದ್ದದ್ದನ್ನ ಯಾರಿಗೂ ತೋರಸೂದಿಲ್ಲ, ಭಾಂಡೆ ಮಾರಾಕ ಬಂದಾಕಿಗೆ ಸದ್ದಿಲ್ದ ಹಾಕಿಬಿಡ್ತಾರ.

— ಭಾಂಡೆಯವರ ಕಡೆ ಹೋದ್ರ ಮುಗೀತು, ಆ ಸೀರಿ ಸಿಗೂದಿಲ್ಲ.

— ಸಿಗತೈತಿ, ಬ್ಯಾರೆ ರೂಪದಾಗ. ಹತ್ತಿದು ಕಾರ್ಖಾನಿಗೆ ಮಶೀನ್ ಒರಸೂ ಅರಿವಿ ಆಗಿ ಹೋಗತೈತಿ. ಜರಿ ಇದ್ದದ್ದು ಸುಡಾಕ ಹೋಗತೈತಿ. ಹಿಂದ ಜರಿ ಅಂದ್ರ ರೇಷ್ಮಿ ಎಳಿಗೆ ಬೆಳ್ಳಿ ತಂತಿ ಸುತ್ತಿ, ಅದಕ್ಕ ಬಂಗಾರದ ನೀರು ಕೊಟ್ಟಿದ್ದು. ದಡಿ ಹಿಂದಿನ ಒಂದ ಎಳಿ ಉಗುರಿನಿಂದ ಕೆರದ್ರ ಒಳಗ ಕೆಂಪು ರೇಷ್ಮಿ ಕಾಣಬೇಕು. ಅದು ಕಂಡ್ರ ಬೆಳ್ಳಿ ಐತಿ ಅಂತ ತಿಳಕೊಂಡು ತೂಕಕ್ಕ ತಗೋತಾರ, ಸುಟ್ಟು ಬೆಳ್ಳಿ ಇಳಸ್ತಾರ. ದೇಸಾಯರ ವಾಡೇದಾಗ ಇದ್ದ ಪೈಠಣಿ, ಬನಾರಸಿ ಎಷ್ಟು ಹಿಂಗ ಹೋದ್ವೋ. ಇಷ್ಟಗಲ ಸೆರಗಿನಾಗ ನವಿಲು ನೇಯಾಕ ತಿಂಗಳಗಟ್ಲೆ ಕುಂತವನ ದುಡಿತಕ್ಕ ತಕ್ಕಡಿಯಾಗ ತೂಕ ಬರೂದಿಲ್ಲ. ಇದ ಓಣಿಯಾಗ ಒಬ್ಬಾಕಿ ತಮ್ಮ ಅತ್ತಿಯ ಕಸೂತಿ ಸೀರಿ ಕೊಟ್ಟು ಸ್ಟೀಲ್ ಪರಾತ ತಗೊಂಡ್ಲು. ಪರಾತ ಬೇಕಾಗಿತ್ತು ಆಕಿಗೆ, ತಪ್ಪು ಆಕಿದಲ್ಲ. ಸೀರಿ ಏನು ಅಂತ ಆಕಿಗೆ ಹೇಳೂವರು ಒಬ್ಬರೂ ಇದ್ದಿಲ್ಲ. ತಗೊಂಡು ಹೋದಾಕಿಗಾದ್ರೂ ಗೊತ್ತಿತ್ತೋ ಇಲ್ಲೋ. ಮುಂದ ಯಾರದೋ ಕೈಗೆ ಹೋದಾಗ ಗೊತ್ತಿದ್ದಾವ ಒಬ್ಬ ಇದ್ದ ಇರತಾನ, ಲಾಭ ಆದದ್ದು ಅವಗ.

— ನೀವು ಈ ಮಾತು ನನ್ನ ಮುಖಾ ನೋಡಿ ಹೇಳಾಕ ಹತ್ತೀರಿ.

— ಹೌದು. ನೀ ಆ ಗೊತ್ತಿದ್ದಾಕಿ ಆಗಾಕ ಹೊಂಟಿ. ಕೊಂಡಿ ನೋಡಾಕ ಕಲಿತಿ, ಕಸೂತಿ ಹಿಂದಿನ ಮೈ ನೋಡಾಕ ಕಲಿತಿ. ಕಲಿತದ್ದನ್ನ ಸೀರಿ ಮಾರೂ ಹೆಣ್ಣಮಗಳಿಗೆ ಹೇಳಿ ಆಮ್ಯಾಲ ರೇಟು ಮಾತಾಡ್ತೀಯೋ, ಇಲ್ಲಾ ನಿನ್ನ ಹೊಟ್ಟಿಯಾಗ ಇಟಗೊಂಡು ಹಳೇದೈತಿ ಹರದೈತಿ ಅಂತ ಹೇಳಿ ಎತಗೊಂಡು ಬರ್ತೀಯೋ?

— ಹೇಳಿದ್ರ ವ್ಯಾಪಾರ ಹೆಂಗ ಆಗತೈತಿ ಅತ್ತಿ? ಬೆಂಗಳೂರಾಗ ಒಂದ ಸೀರಿ ಮಾರೂತನಕ ನನ್ನ ಖರ್ಚು ಕೇಳ್ರಿ. ಊರೂರು ತಿರಗಬೇಕು. ಎಷ್ಟೋ ಮನಿಯಾಗ ಏನೂ ಸಿಗೂದಿಲ್ಲ. ಸಿಕ್ಕದ್ದರಾಗ ಅರ್ಧ ಮಡಿಕಿಯಾಗ ಸೀಳಿರತಾವ. ರಫೂ ಮಾಡೂವರು ಈಗ ಎಷ್ಟು ಕಮ್ಮಿ, ಅವರಿಗೆ ಎಷ್ಟು ಕೊಡಬೇಕು. ತೊಳಸೂದು, ಫೋಟೊ, ಅಂಗಡಿ ಬಾಡಗಿ. ಅಲ್ಲೆ ಹಚ್ಚಿದ ರೇಟು ಕೇಳಿ ಇಲ್ಲೆ ಅಷ್ಟ ಕೊಡು ಅಂದ್ರ ನಾ ಬಾಗಲಾ ಹಾಕಬೇಕಾಗತೈತಿ. ಆಮ್ಯಾಲ ಸೀರಿ ಮತ್ತ ಭಾಂಡೆಯಾಕಿಗ ಹೋಗೂದು.

— ಅಲ್ಲಿನ ರೇಟು ಇಲ್ಲೆ ಕೊಡು ಅಂತ ನಾ ಅಂದಿಲ್ಲ. ನಿನ್ನ ದುಡಿತಕ್ಕೂ ಕೂಲಿ ಐತಿ. ನಾ ಹೇಳೂದು ಮಾತಿನ ಬಗ್ಗೆ. ಯವ್ವಾ, ಇದು ಕೈಮಗ್ಗದ್ದು, ಕೊಂಡಿ ಐತಿ ನೋಡ್ರಿ, ಸೆರಗು ರೇಷ್ಮಿದು, ಈ ಕಸೂತಿ ಈಗ ಹಾಕೂವರಿಲ್ಲ, ಬೆಂಗಳೂರಾಗ ಇದಕ್ಕ ಇಷ್ಟು ಬರತೈತಿ, ನನಗ ಇಷ್ಟು ಖರ್ಚು, ನಿಮಗ ಇಷ್ಟು ಕೊಡ್ತೀನಿ. ಇಷ್ಟು ಹೇಳು. ಆಕಿ ಕೊಟ್ರ ಖುಷಿಲೆ ಕೊಡ್ತಾಳ. ಕೊಡೂದಿಲ್ಲ ಅಂದ್ರ ಇನ್ನೂ ಚಲೋ, ಆ ಸೀರಿ ಆಕಿ ಮನಿಯಾಗ ಉಳೀತು. ಇನ್ನ ಮ್ಯಾಲ ಆಕಿ ಪರಾತಕ್ಕ ಹಾಕೂದಿಲ್ಲ.

— ಹೇಳಿ ನೋಡಿದ್ರ ಮಂದಿ ಆಶಾ ಬೆಳಸ್ತಾರ.

— ಬೆಳಸ್ಲಿ. ತಮ್ಮ ಮನಿ ಸೀರಿ ಮ್ಯಾಲ ಆಶಾ ಇಡಾಕ ಅವರಿಗೆ ಅಧಿಕಾರ ಐತಿ. ಮತ್ತ ಸೀರಿ ಯಾರ ಮನಿದು, ಯಾವ ಊರಿದು, ಯಾವ ವರ್ಷದ ಮದುವಿದು, ಇದನ್ನ ಕೇಳಿ ಬರದಿಡು. ಅವರು ಒಪ್ಪಿದ್ರ ಊರ ಹೆಸರು ಗಿರಾಕಿಗೂ ಹೇಳು. ನೇಯ್ದವರ ಹೆಸರು ಅಂತೂ ಸಿಗೂದಿಲ್ಲ. ಉಟ್ಟವರ ಊರಾದ್ರೂ ಉಳೀಲಿ.

— ಇದು ಮಾಡ್ತೀನಿ. ಇದರಾಗ ನನಗೂ ಲಾಭ ಐತಿ ಅತ್ತಿ, ಅಲ್ಲೆ ಮಂದಿ ಕೇಳೂದು ಇದ ಕಥಿ.

— ಲಾಭ ಆಗ್ಲಿ, ಬ್ಯಾಡ ಅಂದವರ್‍ಯಾರು? ಇನ್ನೊಂದು ಮಾತು. ನಿನ್ನ ಅಂಗಡಿಯಾಗ ಸೀರಿ ಕತ್ತರಿಸಿ ಜಾಕೀಟು ಹೊಲಿಸ್ತೀ ಅಂತ ಕೇಳಿದೆ. ನನ್ನ ಮನಸಿಗೆ ಅದು ಸರಿ ಅನಸೂದಿಲ್ಲ.

— ಇದರಾಗ ಮಾತ್ರ ನಾ ನಿಮ್ಮ ಜೋಡಿ ವಾದ ಮಾಡೂದ, ಅತ್ತಿ. ಒಂಬತ್ತ ಗಜದ ಸೀರಿ ಉಡೂವರು ಈಗ ಎಲ್ಲಿದಾರ? ಅಕ್ಟೋಬರದಾಗ ಕಿತ್ತೂರ ಉತ್ಸವಕ್ಕ ಶಾಲಿ ಹುಡುಗ್ಯಾರಿಗೆ ಚೆನ್ನಮ್ಮನ ವೇಷ ಹಾಕೂವಾಗ ಒಮ್ಮೆ ಕಚ್ಚಿ ಉಡಸ್ತಾರ, ಅಷ್ಟ. ಇಪ್ಪತ್ತೈದ ವಯಸ್ಸಿನ ಹುಡುಗಿ ಆಫೀಸಿಗೆ ಹೋಗೂವಾಗ ಇಳಕಲ್ಲ ಸೆರಗಿನ ಜಾಕೀಟು ಹಾಕ್ಕೊಂಡ್ರ ಆಕಿಗೆ ಅದು ದಿನಾ ಮೈಮ್ಯಾಲ ಇರತೈತಿ. ಟ್ರಂಕಿನಾಗ ಕೊಳೆಯೂದಕ್ಕಿಂತ ಅದು ಚಲೋ ಅಲ್ಲೇನ? ಗುಳೇದಗುಡ್ಡದ ಖಣ ನೋಡ್ರಿ. ಉಡಿ ತುಂಬಾಕ, ಕುಬಸಾ ಹೊಲಸಾಕ ಬಿಟ್ರ ಬ್ಯಾರೆದಕ್ಕ ಯಾರೂ ಕೇಳ್ತಿದ್ದಿಲ್ಲ. ಈಗ ಖಣದ ಅಂಗಿ, ಖಣದ ಚೀಲ, ಖಣದ ಸೀರಿನೂ ಬಂದಾವ. ಮಗ್ಗಕ್ಕ ಕೆಲಸ ಸಿಕ್ಕೈತಿ. ಮತ್ತ ನಮ್ಮ ಹಿರ್‍ಯಾರು ಸೀರಿ ಹರದಿಲ್ಲೇನ? ಕೌದಿ ಯಾತರಿಂದ ಆದವು?

— ಕೌದಿ ಮಾತು ತಗದಿ, ಚಲೋ ಆತು. ಕೌದಿಗೆ ಹೋಗೂ ಸೀರಿ ಮೊದಲ ಸೀರಿಯಾಗಿ ಪೂರಾ ಸವದಿರತೈತಿ. ಕೌದಿಗಂತ ಗಟ್ಟಿ ಸೀರಿಗೆ ಯಾರೂ ಕತ್ತರಿ ಹಾಕ್ತಿದ್ದಿಲ್ಲ. ಮೊದಲ ಹಬ್ಬಕ್ಕ ಉಡ್ತಿದ್ರು, ಆಮ್ಯಾಲ ಮನಿಯಾಗ, ಆಮ್ಯಾಲ ಹೊಲಕ್ಕ ಹೋಗೂವಾಗ, ಆಮ್ಯಾಲ ಕೂಸಿನ ತೊಟ್ಟಿಲಕ್ಕ. ಕಡೀಕ್ಕ ಕೌದಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣಮಕ್ಕಳು ಹೊಲಿಯೂ ಕೌದಿ ನೀ ನೋಡಿ ಇರಬೇಕು, ನಾಲ್ಕೂ ಮೂಲಿಗೆ ಹೂವಿನಂಗ ಮಡಚಿ ಹೊಲೀತಾರ. ಈಗ ಅವನ್ನ ಪರದೇಶದಾಗ ಗ್ವಾಡಿಗೆ ತೂಗ ಹಾಕ್ತಾರಂತ.

— ಜಪಾನಿನಾಗೂ ಹಂಗ ಐತಿ ಅತ್ತಿ. ಆವೊಮೊರಿ ಅಂತ ಉತ್ತರದ ಚಳಿ ನಾಡು, ಅಲ್ಲಿನ ಬಡವರು ತ್ಯಾಪಿ ಮ್ಯಾಲ ತ್ಯಾಪಿ ಹಚ್ಚಿ ನೀಲಿ ಅಂಗಿ, ಹಾಸಿಗಿ ಮಾಡ್ಕೋತಿದ್ರು. ಬೊರೊ ಅಂತಾರ. ಅದನ್ನ ನಾಚಿಕಿಲೆ ಮುಚ್ಚಿಡ್ತಿದ್ದ ಮಂದಿಯ ಮೊಮ್ಮಕ್ಕಳ ಕಾಲಕ್ಕ ಅದು ಮ್ಯೂಸಿಯಮ್ಮಿಗೆ ಹೋತು. ಹೊಸಾ ಅಂಗಿಯವರು ಅದರ ನಕಲು ಮಾಡಿ ಮಾರ್ತಾರ.

— ಅಲ್ಲೂ ಸವದದ್ದನ್ನ ಉಳಿಸಿದ್ರು, ಗಟ್ಟಿ ಇದ್ದದ್ದನ್ನ ಹರೀಲಿಲ್ಲ. ಯಾಕ ಹರೀಬಾರದು ಅನ್ನೂದಕ್ಕ ನಾ ಸವದತ್ತಿ ಮಾತು ಹೇಳ್ತೀನಿ. ಪಟ್ಟೇದಂಚು ಸೀರಿ ಕೇಳಿಯಲ್ಲ? ಗಜೇಂದ್ರಗಡದ ಕಡೆ ನೇಯ್ತಿದ್ದ ದಪ್ಪ ಹತ್ತಿ ಸೀರಿ. ಚೌಕಡಿ ಒಡಲು, ಅಗಲ ಪಟ್ಟಿ ಅಂಚು, ಕೆಂಪು, ಸಾಸಿವಿ ಬಣ್ಣ. ಎರಡೂ ಮೈ ಒಂದ, ಹೊಲದಾಗ ದುಡಿಯೂ ಹೆಣ್ಣಮಗಳಿಗೆ ತಿರುಗ ಮುರುಗ ಉಡಾಕ ಬರ್ತಿತ್ತು. ಸವದತ್ತಿ ಎಲ್ಲಮ್ಮಗ ಅದನ್ನ ಏರಸ್ತಿದ್ರು. ಮಗ್ಗದ ಮ್ಯಾಲಿಂದ ಅದು ಇಳದು ಹೋಗಿತ್ತು. ಹೇಮಲತಾ ಜೈನ್ ಅನ್ನೂ ವಿನ್ಯಾಸಗಾರ್ತಿ ಹಳೇ ಸೀರಿ ಹುಡುಕಿ, ನೇಕಾರ್‍ರನ್ನ ಹುಡುಕಿ ಮತ್ತ ನೇಯಿಸಿದ್ರು. ಎಳಿ ಎಣಿಸಾಕ, ಪನ್ನ ಅಳಿಯಾಕ, ಅಂಚಿನ ಲೆಕ್ಕ ತಗಿಯಾಕ ಪೂರಾ ಸೀರಿ ಕೈಯಾಗ ಬೇಕು. ಇದ್ದ ಒಂದೆರಡ ಸೀರಿನೂ ಯಾರಾದ್ರೂ ಮೊದಲ ಕತ್ತರಿಸಿ ಕೈಚೀಲ ಮಾಡಿದ್ರ ಆ ಲೆಕ್ಕ ಎಲ್ಲಿ ಸಿಗತಿತ್ತು?

— …

— ಸುಮ್ಮನ ಯಾಕಾದಿ?

— ವಿಚಾರ ಮಾಡಾಕ ಹತ್ತೇನಿ. ಸವದತ್ತಿ ಗುಡ್ಡದ ಕೆಳಗಿನ ಊರಾಗ ಹಳೇ ಜೋಗಮ್ಮಗೋಳ ಮನಿಯಾಗ ಅಂಥಾ ಸೀರಿ ಇದ್ದಾವು ಅಂತ ನನಗೂ ಒಬ್ಬರು ಹೇಳಿದ್ರು. ಹೋಗಲೋ ಬ್ಯಾಡೋ ಅಂತ ಮನಸ ಹಿಂದ ಮುಂದ ಆಗೈತಿ.

— ಹೋಗು, ಆದ್ರ ವ್ಯಾಪಾರಕ್ಕಂತ ಹೋಗಬ್ಯಾಡ. ಹೆಣ್ಣಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಬಿಡೂದನ್ನ ಸರ್ಕಾರ 1982ರ ಕಾಯ್ದೆಲೆ ಬಂದ ಮಾಡೈತಿ. ಅದಕ್ಕೂ ಮೊದಲ ಬಿಟ್ಟ ಹೆಣ್ಣಮಕ್ಕಳು ಈಗ ವಯಸ್ಸಾದವರು, ಅವರು ಪಟ್ಟ ಪಾಡು ಸಣ್ಣದಲ್ಲ. ಅವರ ಮೈಮ್ಯಾಲಿನ ಸೀರಿಗೆ ದೇವದಾಸಿ ಸೀರಿ ಅಂತ ಹೆಸರಿಟ್ಟು ಹೆಚ್ಚಿನ ರೇಟಿಗೆ ಮಾರಿದ್ರ, ಅದು ಅವರ ದುಃಖಾನ ಎರಡನೇ ಸಲ ಮಾರಿದಂಗ. ಕುಂತು ಮಾತಾಡು. ಸೀರಿ ಅಳತಿ ತಗೋ, ಎಳಿ ಎಣಿಸು, ಫೋಟೊ ತಗಿಯಾಕ ಒಪ್ಪಿದ್ರ ತಗಿ. ನಿನಗ ಅವರು ಕೊಟ್ಟ ಹೊತ್ತಿಗೂ ರೊಕ್ಕಾ ಕೊಡು. ಸೀರಿ ಅಲ್ಲೇ ಇರ್ಲಿ.

— ಆತು. ಪೂರಾ ಗಟ್ಟಿ ಇದ್ದ ಸೀರಿಗೆ ನಾ ಇನ್ನ ಮ್ಯಾಲ ಕತ್ತರಿ ಹಾಕೂದಿಲ್ಲ. ಹರದದ್ದಕ್ಕ ಹಾಕ್ತೀನಿ, ಅದಕ್ಕ ನೀವು ಬ್ಯಾಡ ಅನಬ್ಯಾಡ್ರಿ.

— ಅನ್ನೂದಿಲ್ಲ. ಹರದದ್ದರಾಗೂ ಕೊಂಡಿ ಇದ್ದ ಜಾಗಾ ಒಂದ ಗೇಣು ಬಿಡದ ಎತ್ತಿಡು.

— ಆತು. ಇನ್ನೊಂದು ಕೇಳೂದೈತಿ ಅತ್ತಿ. ಲಂಡನ್ನಿನಾಗ ಇರೂ ನಮ್ಮ ಕಡೆಯವರೊಬ್ಬರು ನೂರು ವರ್ಷ ದಾಟಿದ ಸೀರಿ ಇದ್ರ ಕಳಸು, ಎಷ್ಟಾದ್ರೂ ಕೊಡ್ತೀನಿ ಅಂತಾರ.

— ಅದು ಕೂಡದು. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷಕ್ಕಿಂತ ಹಳೇ ಕಲಾಕುಸುರಿಯ ವಸ್ತು ಖಾಸಗಿ ಮಂದಿ ದೇಶದ ಹೊರಗ ಕಳಸೂ ಹಂಗಿಲ್ಲ. ಮೂರ್ತಿ, ಚಿತ್ರಕ್ಕಷ್ಟ ಅಂತ ಮಂದಿ ತಿಳಕೊಂಡಾರ. ಕೈಕುಸುರಿ ಅಂದಮ್ಯಾಲ ಸೀರಿನೂ ಬಂತು. ಅವರಿಗೆ ಹೇಳು, ಊರಿಗೆ ಬಂದಾಗ ನೋಡಿ ಹೋಗ್ರಿ ಅಂತ. ಕಳಸೂದಿದ್ರ ಈಗ ನೇಯ್ದ ಹೊಸಾ ಸೀರಿ ಕಳಸು.

— ಹೊಸಾದು ಅಂದ್ರ ಖರೆ ಕೈಮಗ್ಗದ್ದು ಸಿಗೂದೂ ಕಷ್ಟ ಆಗೈತಿ.

— ಆಗೈತಿ. 1985ರಾಗ ಕೇಂದ್ರದವರು ಇಂತಿಂಥಾ ಅರಿವಿ ಕೈಮಗ್ಗಕ್ಕ ಮೀಸಲು ಅಂತ ಕಾಯ್ದೆ ಮಾಡಿದ್ರು. ಮೊದಲಿಗೆ 22 ನಮೂನಿ ಇದ್ವು, ಆಮ್ಯಾಲ 11ಕ್ಕ ಇಳಸಿದ್ರು. ಸೀರಿನೂ ಅದರಾಗ ಐತಿ. ಕಾಯ್ದೆ ಕಾಗದದಾಗ ಉಳೀತು, ಪೇಟ್ಯಾಗ ಪವರ್‌ಲೂಮಿನ ಇಳಕಲ್ಲ ಗುಡ್ಡೆ ಬಿದ್ದಾವ. ಇನ್ನ ರಾಮದುರ್ಗ, ಸುರೇಬಾನದ ನೇಕಾರ್‍ರನ್ನ ಕೇಳು. 2019ರ ಆಗಸ್ಟದಾಗ ಮಲಪ್ರಭಾ ಏರಿದಾಗ ಮನಿಯೊಳಗ ನೀರು ಹೊಕ್ಕು ಮಗ್ಗ ಹಾಳಾದ್ವು. ಕುಣಿ ಮಗ್ಗ ಅಂದ್ರ ಕಾಲು ಇಡೂ ತಗ್ಗು ನೆಲದಾಗ ಇರತೈತಲ್ಲ, ಅಲ್ಲೆ ರಾಡಿ ತುಂಬಿ, ಹಾಸು ಹಂಗ ಕೊಳೀತು. ಹಳೇ ಟ್ರಂಕಿನಾಗಿನ ಸೀರಿ ಎಷ್ಟು ಹೋದ್ವು ಅಂತ ಲೆಕ್ಕಕ್ಕ ಹಿಡದವರಿಲ್ಲ.

— ಆ ಕಡೆಯಿಂದ ಬಂದ ಒಂದ ಸೀರಿ ನನ್ನ ಹತ್ತರ ಐತಿ. ಒಡಲಿನ ತುಂಬ ನೀರಿನ ಕಲಿ, ರಾಡಿ ಬಣ್ಣದ್ದು. ಹೋಗೂದಿಲ್ಲ.

— ಹೋಗಸಾಕ ಹೋಗಬ್ಯಾಡ. ಸೋಡಾ, ಬ್ಲೀಚು ಮುಟ್ಟಿಸಿದ್ರ ಕಲಿ ಜೋಡಿ ನೂಲೂ ಹೋಗತೈತಿ. ಅಂಟವಾಳಕಾಯಿ ನೀರು ತಣ್ಣಗ ಮಾಡಿ, ಮೊದಲ ಮೂಲ್ಯಾಗ ಬಣ್ಣ ಬಿಡತೈತೇನ ನೋಡು. ಬಿಡ್ಲಿಲ್ಲ ಅಂದ್ರ ಅಗಲ ಪರಾತದಾಗ ಹಾಸಿ ನೆನಸು, ಹಿಂಡಬ್ಯಾಡ, ಎತ್ತೂವಾಗ ಕೆಳಗ ಒಂದ ಪಂಜಿ ಕೊಟ್ಟು ಎತ್ತು. ಒದ್ದಿ ಸೀರಿ ತನ್ನ ಭಾರಕ್ಕ ತಾನ ಹರೀತೈತಿ. ನೆರಳಾಗ ಒಣಗಸು. ಎತ್ತಿಡೂವಾಗ ಬಿಳಿ ಹತ್ತಿ ಪಂಜಿಯೊಳಗ ಸುತ್ತು, ಪ್ಲಾಸ್ಟಿಕ್ ಬ್ಯಾಡ. ಡಾಂಬರ ಗುಳಗಿ ಜರಿಗೆ ತಾಗಬಾರದು. ಬೇವಿನ ಎಲಿ ಒಣಗಿಸಿ ಗಂಟು ಕಟ್ಟಿ ಹೊರಗಿಡು. ಮಳಿಗಾಲ ಮುಗದ ಮ್ಯಾಲ ಒಮ್ಮೆ, ಬ್ಯಾಸಗಿಗೊಮ್ಮೆ ಮಡಿಕಿ ಬಿಚ್ಚಿ ಬ್ಯಾರೆ ಜಾಗಾದಾಗ ಮಡಚು. ಟ್ರಂಕಿನಾಗಿನ ರೇಷ್ಮಿ ಎಲ್ಲಾ ಮಡಿಕಿ ಮ್ಯಾಲ ಸೀಳೂದು, ಒಂದ ಮಡಿಕಿ ಮೂವತ್ತ ವರ್ಷ ಬಿಚ್ಚದ ಇಟ್ರ.

— ಅಂಗಡಿಯಾಗ ತೂಗ ಹಾಕಿರ್‍ತೀನಿ, ಅದು?

— ಇಳಸು. ಹ್ಯಾಂಗರಿನ ಮ್ಯಾಲ ಹಳೇ ಸೀರಿ ತಡಿಯೂದಿಲ್ಲ. ದುಂಡನ ಕೊಳವಿಗೆ ಅರಿವಿ ಸುತ್ತಿ ಅದರ ಮ್ಯಾಲ ಸುತ್ತಿಡು. ಮಗ್ಗದ ಮ್ಯಾಲ ಅದು ಹಂಗ ಸುತಗೊಂಡ ಹುಟ್ಟಿದ್ದು.

— ಆ ರಾಡಿ ಸೀರಿ ಸೆರಗು ಮಾತ್ರ ಏನೂ ಆಗಿಲ್ಲ ಅತ್ತಿ. ಕೆಂಪು ಹಂಗ ಐತಿ, ತೋಪ ತೆನಿ ನಮೂನಿನೂ ಹಂಗ ಐತಿ. ಒಡಲು ಅಷ್ಟ ಹೋಗೈತಿ. ನನಗ ಅನಸೂದು, ಆ ಸೆರಗಿನ ಲೆಕ್ಕದಾಗ ಹೊಸಾ ಸೀರಿ ನೇಯಿಸಾಕ ಆಗತೈತೇನ?

— ಈಗ ಸರಿ ಕೇಳಿದಿ. ಹಳೇದನ್ನ ಕೊಳ್ಳೂದರ ಉಪಯೋಗ ಅದ. ಮೊದಲ ಸುರೇಬಾನಕ್ಕ ಹೋಗೂಣು. ಕೊಂಡಿ ಹಾಕೂ ಕೈ ಅಲ್ಲೆ ಸಿಕ್ಕರ ಚಲೋ, ಸಿಗಲಿಲ್ಲ ಅಂದ್ರ ಇಳಕಲ್ಲಿಗೇ ಹೋಗಬೇಕಾಗತೈತಿ. ಸೆರಗಿಗೆ ಖರೆ ರೇಷ್ಮಿನ ಹಾಕ್ರಿ ಅಂತ ಹೇಳು, ರೇಷ್ಮಿ ರೊಕ್ಕಾ ಮುಂಚಿತ ಕೊಡು. ಅವರ ಕೈಯಾಗಿನ ರೊಕ್ಕಾ ಹಾಕಿ ನೂಲು ತರಾಕ ಅವರಿಗೆ ಆಗೂದಿಲ್ಲ, ಅದಕ್ಕ ಅವರು ಚಮಕಾಕ್ಕ ಇಳೀತಾರ. ಒಂದಲ್ಲ, ನಾಲ್ಕ ಸೀರಿಗೆ ಹೇಳು. ಒಂದ ಸೀರಿಗೆ ಹಣಿಗಿ, ಲಾಳಿ, ಹಾಸು ಎಲ್ಲಾ ಸಜ್ಜ ಮಾಡೂದು ಅವರಿಗೆ ಗಿಟ್ಟೂದಿಲ್ಲ.

— ನಾಲ್ಕ ಮಾರಾಕ ಆದೀತು. ಬೆಲಿ ಎಷ್ಟು ಹೇಳ್ತಾರೋ.

— ಎಷ್ಟು ಹೇಳ್ತಾರೋ ಅಷ್ಟು. ಕೊಂಡಿಗೆ ಕುಂತ ಹೆಣ್ಣಮಗಳ ಕೂಲಿ ಅದರಾಗ ಬ್ಯಾರೆ ಹಿಡದಾರೇನ ಅಂತ ಅದೊಂದ ಕೇಳು, ಹೆಚ್ಚಾಗಿ ಅದು ಲೆಕ್ಕದಾಗ ಬರೂದಿಲ್ಲ. ಬಾ, ಆ ಸೆರಗು ಬಿಚ್ಚು. ಎಳಿ ನಾ ಎಣಸ್ತೀನಿ, ನೀ ಬರಕೋ. ಭೂತಗನ್ನಡಿ ಕಿಟಕಿ ಮ್ಯಾಲ ಐತಿ.